ಗಿರಿಜಾಂಬಾ ಎಳೆದ ಗೇಟು

ಗಿರಿಜಾಂಬಾ ಮೊದಲ ಸಲ ಒಬ್ಬ ಗಂಡಸಿನ ಮೂಗು ಮುರಿದಾಗ ಅವಳಿಗೆ ಇಪ್ಪತ್ಮೂರು ವರ್ಷ. ಮುರಿದದ್ದು ಗಂಡನ ಮೂಗು. ಮದುವೆಯಾಗಿ ಎಂಟು ತಿಂಗಳಾಗಿತ್ತಷ್ಟೆ. ಸ್ನಾನದ ನೀರು ಆರಿಹೋಗಿದೆ ಎಂದು ಅವನು ಬಚ್ಚಲ ಬಾಗಿಲಲ್ಲೇ ಅವಳ ಕೆನ್ನೆಗೆ ಹೊಡೆದ. ಅವಳು ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಕೆಳಗಿಡುವ ಗೋಜಿಗೂ ಹೋಗದೆ ಅದರಿಂದಲೇ ತಿರುಗಿ ಬಾರಿಸಿದಳು. ಚಾಮರಾಜಪೇಟೆಯ ಆ ವಠಾರದ ಏಳು ಮನೆಯವರೂ ಹೊರಗೆ ಬಂದು ನೋಡುವಷ್ಟರಲ್ಲಿ ಅವನು ನಲ್ಲಿ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅದೇ ವಾರ ತುಮಕೂರಿನ ಅಕ್ಕನ ಮನೆಗೆ ಹೋದವನು ಮತ್ತೆ ಬರಲಿಲ್ಲ.

ಅವಳ ಕೈ ಮುಂದು ಎಂದು ವಠಾರದಲ್ಲಿ ಮಾತಾಯಿತು. ಅದು ತಂದೆಯಿಂದ ಬಂದದ್ದು. ತಂದೆ ಮುರುಗೇಶಪ್ಪನಿಗೆ ಚಿಕ್ಕಪೇಟೆಯಲ್ಲಿ ತಕ್ಕಡಿ, ತೂಕದ ಬಟ್ಟುಗಳ ಅಂಗಡಿ. ಬೆಳಗಿನ ಹೊತ್ತು ಗರಡಿಯಲ್ಲಿ ಸಾಮು ಮಾಡಿ, ಮೈಗೆ ಅಂಟಿದ ಕೆಮ್ಮಣ್ಣು ತೊಳೆದು, ವಿಭೂತಿ ಧರಿಸಿ ಅಂಗಡಿಗೆ ಹೋಗುವವನು. ಯಾರೊಂದಿಗಾದರೂ ಮಾತು ತಪ್ಪಿತೆಂದರೆ ಮೊದಲು ಹೊಡೆದು ಆಮೇಲೆ ವಿಚಾರಿಸುತ್ತಿದ್ದ. ಮಗಳಿಗೂ ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆಗಳಿದ್ದವು. ಅವಳಿಗೆ ಹನ್ನೆರಡಾದಾಗ ಒಂದು ದಿನ ಮುಷ್ಟಿ ಹೇಗೆ ಬಿಗಿಯಬೇಕು, ಹೆಬ್ಬೆರಳು ಹೊರಗಿರಬೇಕು ಎಂದು ಅವನೇ ತೋರಿಸಿಕೊಟ್ಟಿದ್ದ. ಪ್ರೀತಿ ಅಂತ ಅವನು ಕೊಟ್ಟದ್ದರಲ್ಲಿ ಅವಳಿಗೆ ನೆನಪಿದ್ದದ್ದು ಅದೊಂದೇ.

ಗಂಡ ಹೋದ ಮೇಲೆ, ಎರಡು ಸಾವಿರದ ಒಂದರಲ್ಲಿ, ಅವಳು ಮೈಸೂರು ರಸ್ತೆಯ ಕಡೆ ಇದ್ದ ಒಂದು ಇಂಜೆಕ್ಷನ್ ಕಾರ್ಖಾನೆಗೆ ಸೇರಿದಳು. ಕೆಲಸವೆಂದರೆ ನೋಡುವುದು. ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆಯನ್ನು ದೀಪದ ಕೆಳಗೆ ಹಿಡಿದು, ಮೊದಲು ಬಿಳಿ ಹಲಗೆಯ ಮುಂದೆ, ಆಮೇಲೆ ಕಪ್ಪು ಹಲಗೆಯ ಮುಂದೆ ತಿರುಗಿಸಿ, ಒಳಗೆ ಎಳೆಯೋ ಕೂದಲೋ ಗಾಜಿನ ಚೂರೋ ಇದೆಯೇ ಎಂದು ಹುಡುಕುವುದು. ಸೀಸೆಯನ್ನು ಜೋರಾಗಿ ಅಲುಗಿಸಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಚೂರು ಕಾಣುವುದಿಲ್ಲ. ಊರಲ್ಲೆಲ್ಲ ಕೈ ಮುಂದು ಎನ್ನಿಸಿಕೊಂಡ ಹೆಂಗಸು ಆ ಮಂಕುಗತ್ತಲ ಕೋಣೆಯಲ್ಲಿ ಮಾತ್ರ ಮಣಿಕಟ್ಟನ್ನು ಮಲಗಿದ ಮಗುವಿನ ತಲೆ ಸರಿಸುವಷ್ಟು ಮೆತ್ತಗೆ ತಿರುಗಿಸುತ್ತಿದ್ದಳು. ಅವಳ ಕಣ್ಣು ತಪ್ಪಿ ಹೋದ ಚೂರು ಇಲ್ಲವೆಂದೇ ಹೆಸರಾಯಿತು.

ಆರು ವರ್ಷದ ನಂತರ ಪಕ್ಕದ ಸ್ಟೂಲಿಗೆ ಶಿವರಂಜಿನಿ ಬಂದಳು. ಶಂಕರಪುರಂನವಳು, ಏಳು ವರ್ಷ ಚಿಕ್ಕವಳು. ಗಂಡ ಶರಣ್ ಮನೆಯ ಮುಂಭಾಗದಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ ಇಟ್ಟಿದ್ದ. ಹದಿನೇಳು ವರ್ಷ ಇಬ್ಬರೂ ಅಕ್ಕಪಕ್ಕ ಕೂತರು. ಗಿರಿಜಾಂಬಾ ಒಬ್ಬಳಿಗಾಗಿ ಅಡಿಗೆ ಮಾಡಿಕೊಳ್ಳಲು ಬೇಸರಪಡುತ್ತಾಳೆಂದು ಶಿವರಂಜಿನಿ ಯಾವಾಗಲೂ ಎರಡು ಡಬ್ಬಿ ತರುತ್ತಿದ್ದಳು. ಒಮ್ಮೆ ಕಾರ್ಖಾನೆ ವ್ಯಾನಿನ ಡ್ರೈವರು ಶಿವರಂಜಿನಿಯ ಸೊಂಟ ಮುಟ್ಟಿದ್ದಕ್ಕೆ ಗಿರಿಜಾಂಬಾ ಅವನ ತಲೆಯನ್ನು ವ್ಯಾನಿನ ಬಾಗಿಲಿಗೆ ಮೂರು ಸಲ ಗುದ್ದಿದ್ದಳು. ನಾಲ್ಕನೆಯದನ್ನು ಶಿವರಂಜಿನಿಯೇ ತಡೆದಳು.

"ಸಾಕು ಬಿಡಕ್ಕ, ಸತ್ತೋಗ್ತಾನೆ."

"ಸಾಯ್ಲಿ ಬಿಡೇ."

ಹಿಂದೆಲ್ಲ ಯಾವ ಬ್ಯಾಚಿನಲ್ಲಿ ಎಷ್ಟು ಸೀಸೆ ಕೆಟ್ಟಿತ್ತು ಎನ್ನುವುದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಸಂಖ್ಯೆ ಜಾಸ್ತಿಯಾದರೆ ಪ್ರೊಡಕ್ಷನ್ ಮ್ಯಾನೇಜರ್ ಬದರೀನಾರಾಯಣ ಆ ಹಾಳೆ ಹರಿದು ಹೊಸ ಹಾಳೆ ಬರೆಸುತ್ತಿದ್ದ. ಗಿರಿಜಾಂಬಾಳೇ ನಾಲ್ಕು ಸಲ ಹಾಗೆ ಬರೆದುಕೊಟ್ಟಿದ್ದಳು. ದೊಡ್ಡವರು ಹೇಳಿದರು, ಬರೆದಳು. ಶಿವರಂಜಿನಿ ಸೇರಿದ ಹದಿನೈದನೆಯ ವರ್ಷ ಹೊರದೇಶದ ಖರೀದಿದಾರರು ಇನ್ನು ಪುಸ್ತಕ ನಡೆಯುವುದಿಲ್ಲ ಎಂದರು. ಕ್ಯಾಮೆರಾ ಬಂತು, ಅದರ ಹಿಂದೆ ಎಐ ಬಂತು. ಅದು ಒಂದೊಂದು ಸೀಸೆಯ ಚಿತ್ರ ತೆಗೆದು ಒಳ್ಳೆಯದು, ಕೆಟ್ಟದ್ದು ಎನ್ನುವುದು. ಅನುಮಾನ ಬಂದದ್ದನ್ನು ಹೆಂಗಸರ ಮುಂದೆ ಕಳಿಸುವುದು. ಅವರು ತಮ್ಮ ಕಾರ್ಡು ತೋರಿಸಿ, ಪಾಸ್‌ವರ್ಡ್ ಒತ್ತಿ, ಕಣ್ಣಾರೆ ನೋಡಿ ತೀರ್ಪು ಕೊಡಬೇಕು.

ಕಂಪ್ಯೂಟರ್ ವಿಭಾಗದ ವೇಣುಗೋಪಾಲ್ ಅವರಿಗೆಲ್ಲ ಕೂರಿಸಿ ಹೇಳಿಕೊಟ್ಟಿದ್ದ. "ಗಾಂಧಿಬಜಾರ್‌ನಲ್ಲಿ ಹೂ ಕಟ್ಟೋದು ನೋಡಿದೀರಲ್ಲ, ಹಾಗೆ ಅಂದ್ಕೊಳ್ಳಿ. ಯಾವ ಸೀಸೆ, ಯಾರು ನೋಡಿದ್ರು, ಏನಂದ್ರು, ಎಷ್ಟೊತ್ತಿಗೆ, ಎಲ್ಲಾ ಸೇರಿ ಒಂದು ಗಂಟು. ಆ ಗಂಟಿಗೆ ಬಿಗಿದೇ ಮುಂದಿನ ಗಂಟು. ಮಧ್ಯದ್ದೊಂದು ಹೂ ಕಿತ್ರೆ ಅಲ್ಲಿಂದಾಚೆ ಎಲ್ಲಾ ಸಡಿಲ ಆಗಿ ಗೊತ್ತಾಗ್ಬಿಡುತ್ತೆ. ಜೊತೆಗೆ ಇಂಥದೇ ಮಾಲೆ ಇನ್ನೂ ಮೂರು ಕಡೆ ಇರುತ್ತೆ, ನಾವು ನೋಡ್ಬಹುದು, ತಿದ್ದೋಕಾಗಲ್ಲ, ಅಂಥ ಕಡೆ. ಇದಕ್ಕೇ ಬ್ಲಾಕ್‌ಚೈನ್ ಅನ್ನೋದು."

"ತಪ್ಪು ಬರ್ದುಬಿಟ್ರೆ?" ಎಂದು ಗಿರಿಜಾಂಬಾ ಕೇಳಿದ್ದಳು.

"ಅಳಿಸೋಕಾಗಲ್ಲ ಗಿರಿಜಮ್ಮ. ಕೆಳಗಡೆ ಇನ್ನೊಂದು ಬರೀಬೇಕು, ಮತ್ತೆ ನೋಡಿದೆ, ಹೀಗಿದೆ ಅಂತ. ಹಳೇದೂ ಇರುತ್ತೆ, ಹೊಸದೂ ಇರುತ್ತೆ."

ಪಾಸ್‌ವರ್ಡ್ ಅವಳಿಗೆ ನೆನಪಿರುತ್ತಿರಲಿಲ್ಲ. ಒಂದು ಚೀಟಿಯಲ್ಲಿ ಬರೆದು ಕಾರ್ಡಿನ ಹಿಂದೆ ಅಂಟಿಸಿಕೊಂಡಳು. ಅದನ್ನು ಕಿತ್ತುಹಾಕು ಎಂದು ಶಿವರಂಜಿನಿ ಹತ್ತಾರು ಸಲ ಹೇಳಿದ್ದಳು. ಊಟಕ್ಕೆ ಹೋಗುವಾಗ ಎಲ್ಲರೂ ಗೌನು, ಕಾರ್ಡು ಬದಲಾಯಿಸುವ ಕೋಣೆಯ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದರು.

ಯಂತ್ರ ಬಂದು ಎರಡು ವರ್ಷಕ್ಕೆ, ಆಷಾಢದಲ್ಲಿ ಒಂದು ಬುಧವಾರ ನೋವಿನ ಇಂಜೆಕ್ಷನ್ನಿನ ಬ್ಯಾಚೊಂದು ಬಂತು. ಯಂತ್ರ ಆರುನೂರ ಹನ್ನೊಂದು ಸೀಸೆಗಳನ್ನು ಅವಳ ಮುಂದೆ ತಳ್ಳಿತು. ಒಳಗೆ ಮೀನಿನ ಪೊರೆಯಂಥ ತೆಳ್ಳನೆಯ ಚಕ್ಕೆಗಳು. ಸೀಸೆಯ ಒಳಮೈಯೇ ಸುಲಿದು ಔಷಧಿಗೆ ಇಳಿಯುತ್ತಿತ್ತು. ಅವಳು ಆರುನೂರ ಹನ್ನೊಂದನ್ನೂ ತಿರಸ್ಕರಿಸಿದಳು. ಅಷ್ಟು ಸೀಸೆ ಕೆಟ್ಟರೆ ಇಡೀ ಬ್ಯಾಚು ನಿಲ್ಲುತ್ತದೆ. ಬದರೀನಾರಾಯಣ ಗೌನು ಹಾಕಿಕೊಂಡು ತಾನೇ ಒಳಗೆ ಬಂದ.

"ಗಾಳಿಗುಳ್ಳೆ ಇರ್ಬೇಕು ಕಣ್ರೀ. ಇನ್ನೊಂದ್ಸಲ ನೋಡಿ."

"ಗುಳ್ಳೆ ಮೇಲಕ್ಕೆ ಹೋಗುತ್ತೆ ಸಾರ್. ಇದು ಕೆಳಕ್ಕೆ ಇಳೀತಿದೆ."

ಅವನು ಹೊರಟುಹೋದ. ಗುರುವಾರ ಸಂಜೆ ಪಾಳಿ ಮುಗಿಯುವಾಗ ಅವಳನ್ನು ತನ್ನ ಕೋಣೆಗೆ ಕರೆಸಿ ಪರದೆ ತೋರಿಸಿದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಆ ಆರುನೂರ ಹನ್ನೊಂದನ್ನೂ ಮತ್ತೆ ನೋಡಿ ಒಳ್ಳೆಯದೆಂದು ಒಪ್ಪಿದ ದಾಖಲೆ ಅಲ್ಲಿತ್ತು. ಪಕ್ಕದಲ್ಲಿ ಗಿರಿಜಾಂಬಾ ಎಂಬ ಹೆಸರು.

"ನಾನು ಮಾಡಿಲ್ಲ ಸಾರ್. ನಾನು ಊಟ ಮಾಡ್ತಿದ್ದೆ."

"ಹೆಸರು ನಿಮ್ದೇ ಇದೆಯಲ್ರೀ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಪೊಲೀಸ್ನೋರು ನಿಮ್ಮನೇಗೇ ಬರೋದು." ಅವನು ಪೆನ್ನು ಕೆಳಗಿಟ್ಟ. "ನಿಮ್ಮ ಪಾಸ್‌ವರ್ಡ್ ಇನ್ಯಾರಿಗ್ರೀ ಗೊತ್ತು? ಶಿವರಂಜಿನಿ ಊಟದ ಮಧ್ಯೆ ಎದ್ದು ಒಳಗೆ ಹೋಗಿದ್ದನ್ನ ನಾನೇ ನೋಡ್ದೆ. ಮುಂದಿನ ತಿಂಗ್ಳು ಅವ್ರನ್ನ ಸೂಪರ್‌ವೈಸರ್ ಮಾಡ್ತಿದೀವಿ, ಹೇಳಿರ್ಬೇಕಲ್ಲ ನಿಮ್ಗೆ."

ಹೇಳಿರಲಿಲ್ಲ. ಆ ದಿನ ಊಟದ ಮಧ್ಯೆ ಶಿವರಂಜಿನಿ ಎದ್ದು ಹೋಗಿದ್ದೂ ನಿಜ. ಗಿರಿಜಾಂಬಾ ಮನೆಗೆ ಬಂದು ದೀಪ ಹಾಕದೆ ಗೋಡೆಗೆ ಒರಗಿ ಕೂತಳು. 

ಶುಕ್ರವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಅವಳು ಶಂಕರಪುರಂನ ಆ ಮನೆಯ ಮುಂದಿದ್ದಳು. ಶಿವರಂಜಿನಿ ಆಗಷ್ಟೇ ಚಪ್ಪಲಿ ಮೆಟ್ಟಿ, ಹೆಗಲಿಗೆ ಚೀಲ ಹಾಕಿಕೊಂಡು, ಕಾಂಪೌಂಡಿನ ಕಬ್ಬಿಣದ ಗೇಟು ತೆಗೆಯುತ್ತಿದ್ದಳು. ಚೀಲದಲ್ಲಿ ಎರಡು ಡಬ್ಬಿ.

"ಏನಕ್ಕ, ಇಷ್ಟೊತ್ತಿಗೇ ಬಂದ್ಬಿಟ್ಟೆ?"

ಗಿರಿಜಾಂಬಾ ಕೈ ಬೀಸಿದಳು. ಮೊದಲ ಏಟು ಬಾಯಿಗೆ ಬಿತ್ತು. ಶಿವರಂಜಿನಿಯ ತಲೆ ಗೇಟಿನ ಕಂಬಕ್ಕೆ ಬಡಿದು, ಕೆಳತುಟಿ ಸೀಳಿ, ಗಲ್ಲದ ಮೇಲೆ ರಕ್ತ ಹರಿಯಿತು. ಎರಡನೆಯದು ಕಿವಿಯ ಮೇಲೆ. ಚೀಲ ಜಾರಿ ಡಬ್ಬಿ ಬಿಚ್ಚಿಕೊಂಡು ಚಿತ್ರಾನ್ನ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಗಿರಿಜಾಂಬಾ ಅವಳ ಜಡೆ ಹಿಡಿದು ಬಗ್ಗಿಸಿದಳು.

"ನನ್ನ ಹೆಸರಲ್ಲಿ ಒತ್ತಿದೀಯಾ? ಸೂಪರ್‌ವೈಸರ್ ಆಗೋಕೆ ನನ್ನ ಹೆಸರು ಬೇಕಾಯ್ತಾ ನಿಂಗೆ?"

"ಏನಂತೀಯ ಅಕ್ಕ, ನಂಗೇನೂ ಗೊತ್ತಿಲ್ಲ. ನಾನಲ್ಲ." ಬಾಯಿಂದ ರಕ್ತ ಉಗುಳುತ್ತಲೇ ಅವಳು ಅಂದಳು. ಬೀಳದಿರಲು ಬಲಗೈಯಿಂದ ಗೇಟು ಬಂದು ಕೂರುವ ಕಂಬದ ಅಂಚು ಹಿಡಿದುಕೊಂಡಿದ್ದಳು. "ನಾನಲ್ಲಕ್ಕ."

ಗಿರಿಜಾಂಬಾ ಗೇಟನ್ನು ಹಿಡಿದು ಮೈಯ ಬಲವೆಲ್ಲ ಹಾಕಿ ಆ ಕಂಬಕ್ಕೆ ಬಡಿಯುವಂತೆ ಎಳೆದಳು.

ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಶಿವರಂಜಿನಿ ಕೂಗಲಿಲ್ಲ, ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಗೇಟು ತಿರುಗಿ ತೆರೆದಾಗ ತೋರುಬೆರಳು, ನಡುಬೆರಳು ಎರಡೂ ಗೆಣ್ಣಿನ ಹತ್ತಿರ ಚಪ್ಪಟೆಯಾಗಿ, ಒಂದರ ಉಗುರು ಕಬ್ಬಿಣಕ್ಕೇ ಅಂಟಿಕೊಂಡಿತ್ತು. ಅಂಗಡಿಯೊಳಗಿಂದ ಶರಣ್ ಓಡಿ ಬಂದ. ತನ್ನನ್ನು ಹಿಂದಿನಿಂದ ತಬ್ಬಿ ಎಳೆದವನನ್ನು ಗಿರಿಜಾಂಬಾ ಸೊಂಟ ತಿರುಗಿಸಿ ಮೆಟ್ಟಿಲ ಮೇಲೆ ಒಗೆದಳು. ಅವನ ಹುಬ್ಬು ಒಡೆಯಿತು. ಅಕ್ಕಪಕ್ಕದ ಮನೆಯ ನಾಲ್ಕು ಜನ ಸೇರಿ ಅವಳನ್ನು ಗೋಡೆಗೆ ಒತ್ತಿ ಹಿಡಿದರು. ಪೊಲೀಸರು ಬರುವವರೆಗೂ ಅವಳು ಏದುಸಿರು ಬಿಡುತ್ತಾ ಶಿವರಂಜಿನಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ತಾನು ತಪ್ಪು ಮಾಡಿರಬಹುದು ಎಂಬ ಯೋಚನೆ ಆ ಹೊತ್ತಿನಲ್ಲಿ ಅವಳ ಹತ್ತಿರವೂ ಸುಳಿಯಲಿಲ್ಲ.

ಠಾಣೆಯಲ್ಲಿ ಕೇಸು ಬರೆದುಕೊಂಡು ಸಂಜೆ ಜಾಮೀನಿನ ಮೇಲೆ ಬಿಟ್ಟರು. ಮಾರನೆಯ ದಿನ ಬೆಳಿಗ್ಗೆ ವೇಣುಗೋಪಾಲ್ ವಠಾರಕ್ಕೆ ಹುಡುಕಿಕೊಂಡು ಬಂದ. ಹೊಸಿಲಾಚೆಯೇ ನಿಂತು ಮಾತಾಡಿದ.

"ಗುರುವಾರ ಮಧ್ಯಾಹ್ನವೇ ಎಐ ಎಚ್ಚರಿಕೆ ಕಳ್ಸಿತ್ತು ಗಿರಿಜಮ್ಮ. ನಾನು ರಜದಲ್ಲಿದ್ದೆ, ನಿನ್ನೆ ಬಂದು ನೋಡ್ದೆ. ಆರುನೂರ ಹನ್ನೊಂದು ಸೀಸೆ ಹದಿನೆಂಟು ನಿಮಿಷದಲ್ಲಿ ಪಾಸಾಗಿದೆ. ಒಂದೊಂದಕ್ಕೆ ಎರಡು ಸೆಕೆಂಡೂ ಇಲ್ಲ. ನೀವು ಎರಡು ವರ್ಷದಲ್ಲಿ ಒಂದು ಸೀಸೇನೂ ಏಳು ಸೆಕೆಂಡಿಗಿಂತ ಬೇಗ ಬಿಟ್ಟಿಲ್ಲ. ಇದು ಇವರ ಕೆಲಸ ಅಲ್ಲ ಅಂತ ಅದೇ ಹೇಳ್ತು."

"ಅವಳೇ ಮಾಡಿದ್ದು ಅಂತ ನಂಗೊತ್ತು."

"ಶಿವರಂಜಿನಿ ಅವ್ರಾ?" ಅವನು ಅವಳ ಮುಖವನ್ನೇ ನೋಡಿದ. "ಯಾವ ಕಂಪ್ಯೂಟರಿಂದ ಮಾಡಿದ್ದು ಅನ್ನೋದೂ ಗಂಟಲ್ಲಿ ಸೇರಿರುತ್ತಮ್ಮ. ಬದರೀನಾರಾಯಣ ಸಾರ್ ರೂಮಿನ ಕಂಪ್ಯೂಟರ್ ಅದು. ಅದು ಗೊತ್ತಾಗುತ್ತೆ ಅಂತ ಅವ್ರಿಗೇ ಗೊತ್ತಿರ್ಲಿಲ್ಲ. ಗೂಟದಿಂದ ನಿಮ್ಮ ಕಾರ್ಡ್ ತಗೊಂಡಿದಾರೆ. ಪಾಸ್‌ವರ್ಡ್ ಹಿಂದುಗಡೆನೇ ಇತ್ತಲ್ಲ."

"ಅವಳು ಊಟದ ಮಧ್ಯೆ ಎದ್ದು ಹೋದ್ಲು."

"ನರ್ಸ್ ರೂಮಿಗೆ. ತಲೆನೋವಿನ ಮಾತ್ರೆ ತಗೊಂಡು ಸೈನ್ ಮಾಡಿದಾರೆ."

ಗಿರಿಜಾಂಬಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮ್ಗೆ ಗೊತ್ತಾಗಿದ್ದು ಎಷ್ಟೊತ್ತಿಗೆ?"

"ನಿನ್ನೆ ಹನ್ನೊಂದು ಗಂಟೆಗೆ."

ಅವನು ಹೋದ ಮೇಲೆ ಅವಳು ಒಳಗೆ ಬಂದು ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಗೆಣ್ಣಿನ ಚರ್ಮ ಕಿತ್ತು ಸುಣ್ಣದ ಮೇಲೆ ಕೆಂಪು ಮೂಡಿತು. ಗುದ್ದುತ್ತಲೇ ಇದ್ದಳು. ಪಕ್ಕದ ಮನೆಯ ತಿಮ್ಮಕ್ಕ ಬಂದು ಕೈ ಹಿಡಿದುಕೊಂಡಾಗಲೇ ನಿಲ್ಲಿಸಿದ್ದು.

ಮಧ್ಯಾಹ್ನ ಆಸ್ಪತ್ರೆಗೆ ಹೋದಳು. ಶರಣ್ ವಾರ್ಡಿನ ಬಾಗಿಲಿಗೆ ಅಡ್ಡ ನಿಂತ. ಹುಬ್ಬಿಗೆ ಐದು ಹೊಲಿಗೆ. ಒಳಗಿನಿಂದ ಶಿವರಂಜಿನಿ "ಬಿಡಿ ಅವಳನ್ನ" ಅಂದಳು. ಬಲಗೈ ಮೊಣಕೈವರೆಗೂ ಬ್ಯಾಂಡೇಜು. ಒಂದು ಬೆರಳಿನ ತುದಿ ತೆಗೆದಿದ್ದರು. ಇನ್ನೊಂದು ಉಳಿದರೂ ಮಡಿಸಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತುಟಿ ಊದಿ ಮಾತು ತೊದಲುತ್ತಿತ್ತು.

"ಅವನು ಹೇಳ್ದ ರಂಜಿನಿ. ಬದರೀನಾರಾಯಣ ಹೇಳ್ದ. ನಾನು ನಂಬ್ಬಿಟ್ಟೆ."

"ನಾನೂ ಹೇಳ್ದೆ. ನಾನಲ್ಲ ಅಂದೆ. ಎರಡು ಸಲ ಅಂದೆ." ಶಿವರಂಜಿನಿ ಅಳುತ್ತಿರಲಿಲ್ಲ. "ನೀನು ಕೇಳಿಸ್ಕೊಂಡೆ. ನನ್ನ ಮುಖ ನೋಡ್ದೆ. ಕೇಳಿಸ್ಕೊಂಡ್ಮೇಲೇನೇ ಗೇಟ್ ಎಳ್ದೆ ನೀನು."

ಅದು ಹಾಗೆಯೇ ನಡೆದಿತ್ತು.

"ಹೋಗು" ಅಂದಳು ಶಿವರಂಜಿನಿ. "ಇನ್ನೊಂದ್ಸಲ ಬರ್ಬೇಡ."

ಕಾರ್ಖಾನೆ ಅವಳನ್ನು ಅಮಾನತಿನಲ್ಲಿಟ್ಟಿತ್ತು. ಬ್ಯಾಚು ಗೋದಾಮಿನಲ್ಲೇ ನಿಂತಿತ್ತು. ತಮ್ಮ ಬಳಿ ಇದ್ದ ದಾಖಲೆಯ ಪ್ರತಿ ನೋಡಿದ ಖರೀದಿದಾರರು ತನಿಖೆಗೆ ಬುಧವಾರ ಬರುವುದಾಗಿ ತಿಳಿಸಿದ್ದರು. ಬದರೀನಾರಾಯಣನಿಗೆ ಉಳಿದದ್ದು ಒಂದೇ ದಾರಿ. ತಾನೇ ಮ್ಯಾನೇಜರ ಕೋಣೆಗೆ ಹೋಗಿ, ಅವರಿಲ್ಲದಾಗ ಅವರ ಕಂಪ್ಯೂಟರಿನಲ್ಲಿ ಅವಸರದಿಂದ ಒತ್ತಿದೆ ಎಂದು ಗಿರಿಜಾಂಬಾ ಒಪ್ಪಿಕೊಳ್ಳಬೇಕಿತ್ತು.

ಸೋಮವಾರ ಮಧ್ಯಾಹ್ನ ಮೂರರ ಸುಮಾರಿಗೆ ಅವಳು ಔಷಧಿ ಅಂಗಡಿಯಿಂದ ಬರುತ್ತಿದ್ದಾಗ ವಠಾರದ ಹಿಂದಿನ ಓಣಿಯಲ್ಲಿ ಬೈಕೊಂದು ಅಡ್ಡ ನಿಂತಿತು. ಇಬ್ಬರು ಇಳಿದರು. ಒಬ್ಬ ದಪ್ಪಗೆ ಗಡ್ಡ ಬಿಟ್ಟವನು, ಇನ್ನೊಬ್ಬ ಸಣಕಲ. ಗಡ್ಡದವನ ಕೈಯಲ್ಲಿ ಮಡಿಸಿದ ಕಾಗದ.

"ಇದಕ್ಕೊಂದು ಸೈನ್ ಹಾಕ್ಬಿಡಕ್ಕ. ಶಂಕರಪುರಂ ಕೇಸೂ ವಾಪಸ್ ತೆಗೆಸ್ಬಿಡ್ತಾರೆ. ಎಲ್ಲಾ ತಣ್ಣಗಾಗುತ್ತೆ."

ಅವಳು ಓದಿದಳು. ನಾಲ್ಕಾಗಿ ಹರಿದು ಮೋರಿಗೆ ಹಾಕಿದಳು.

ಗಡ್ಡದವನು ಬೈಕಿನ ಪಕ್ಕಕ್ಕೆ ಸಿಕ್ಕಿಸಿದ್ದ ಕಬ್ಬಿಣದ ಪೈಪು ಎಳೆದುಕೊಂಡ. ಮೊದಲ ಪೆಟ್ಟು ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಎರಡನೆಯದನ್ನು ಅವಳು ಮುಂಗೈ ಕೊಟ್ಟು ತಡೆದು, ಪೈಪಿನ ಸಮೇತ ಅವನ ತೋಳನ್ನು ಕಂಕುಳಲ್ಲಿ ಇರುಕಿಸಿ, ಮೊಣಕೈಯನ್ನು ಆಗದ ಕಡೆಗೆ ತಿರುಚಿದಳು. ಮೂಳೆ ಮುರಿದದ್ದು ಅವಳಿಗೇ ಕೇಳಿಸಿತು. ಅವನು ಕೂಗುತ್ತಾ ಮೋರಿಯ ಪಕ್ಕ ಕುಸಿದ. ಅಷ್ಟರಲ್ಲಿ ಸಣಕಲ ಹೆಲ್ಮೆಟ್ಟಿನಿಂದ ಅವಳ ಮುಖಕ್ಕೆ ಬೀಸಿದ. ಕೆನ್ನೆಯ ಮೂಳೆ ಒಳಗೆ ಕುಸಿಯಿತು, ಬಾಯಿ ತುಂಬ ರಕ್ತ. ಇನ್ನೊಮ್ಮೆ ಬೀಸಿದ. ಆ ಏಟುಗಳು ಬೀಳುತ್ತಿದ್ದಾಗ ಅವಳಿಗೆ ಒಂದು ಬಗೆಯ ಹಿತವೆನ್ನಿಸಿತು. ಇದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡು ಒಂದು ಗಳಿಗೆ ಸುಮ್ಮನೆ ನಿಂತೂಬಿಟ್ಟಳು. ಮೂರನೆಯ ಸಲಕ್ಕೆ ಮಾತ್ರ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ, ಕೆಳಗೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಓಣಿಯ ಬದಿಯಲ್ಲಿ ಬಿದ್ದಿದ್ದ ಚಪ್ಪಡಿಯ ತುಂಡನ್ನು ಎತ್ತಿದಳು.

"ಯಾರು ಕಳ್ಸಿದ್ದು?"

"ಗೊತ್ತಿಲ್ಲಕ್ಕ. ಅವನಿಗ್ಗೊತ್ತು. ನನ್ನ ಸುಮ್ನೆ ಜೊತೇಲಿ ಬಾ ಅಂದ."

ಅವನು ಸುಳ್ಳು ಹೇಳುತ್ತಿರಬಹುದು, ನಿಜವೂ ಇರಬಹುದು. ಅವನ ತಲೆಯ ಮೇಲೆ ಎತ್ತಿದ ಕಲ್ಲು ಹಾಗೆಯೇ ಇತ್ತು. ಅವಳ ಬಾಯಿಯ ರಕ್ತ ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕನಿಕರವೇನೂ ಹುಟ್ಟಲಿಲ್ಲ. ಆದರೆ ಅವಳು ಕಲ್ಲನ್ನು ಪಕ್ಕಕ್ಕೆ ಬಿಟ್ಟಳು. ಅವನು ಎದ್ದು ಓಡಿದ. ಮುರಿದ ಕೈಯವನು ಓಡಲಾರದೆ ಪೊಲೀಸರಿಗೆ ಸಿಕ್ಕಿದ, ಸಂಜೆಯೊಳಗೆ ಬದರೀನಾರಾಯಣನ ಹೆಸರು ಹೇಳಿದ.

ಬುಧವಾರ ಅವಳು ಮುಖದ ತುಂಬ ಪಟ್ಟಿ ಕಟ್ಟಿಸಿಕೊಂಡು, ಎರಡು ಎಲುಬು ಮುರಿದ ಪಕ್ಕೆಯನ್ನು ಹಿಡಿದುಕೊಂಡು, ಆಟೋದಲ್ಲಿ ಕಾರ್ಖಾನೆಗೆ ಹೋದಳು. ತನಿಖೆಯವರ ಮುಂದೆ ಎಲ್ಲವನ್ನೂ ಹೇಳಿದಳು. ಕಾರ್ಡಿನ ಹಿಂದಿನ ಚೀಟಿ, ಹಿಂದೆ ತಾನೇ ನಾಲ್ಕು ಸಲ ಬರೆದುಕೊಟ್ಟ ಸುಳ್ಳು ಹಾಳೆಗಳು, ಯಾವುದನ್ನೂ ಮುಚ್ಚಿಡಲಿಲ್ಲ. ವೇಣುಗೋಪಾಲ್ ಉಳಿದ ಮೂರು ಪ್ರತಿಗಳನ್ನೂ ತೆರೆದು ತೋರಿಸಿದ. ನಾಲ್ಕೂ ಒಂದೇ ಹೇಳುತ್ತಿದ್ದವು. ಬ್ಯಾಚು ನಾಶವಾಯಿತು. ಒಂದು ಸೀಸೆಯೂ ಹೊರಗೆ ಹೋಗಿರಲಿಲ್ಲ. ಬದರೀನಾರಾಯಣ ಜೈಲು ಸೇರಿದ. ಪಾಸ್‌ವರ್ಡ್ ಬಯಲಿಗಿಟ್ಟ ತಪ್ಪಿಗೆ ಗಿರಿಜಾಂಬಾಳ ಕೆಲಸವೂ ಹೋಯಿತು.

ಶಂಕರಪುರಂ ಕೇಸು ಹಾಗೆಯೇ ಉಳಿದಿತ್ತು. ಇನ್ನೊಬ್ಬರ ಕುತಂತ್ರಕ್ಕೆ ಸಿಕ್ಕಿ ಉದ್ರೇಕಗೊಂಡೆ ಎಂದು ಹೇಳಿ, ಶಿಕ್ಷೆ ತಪ್ಪಿಸಬಹುದು ಎಂದು ವಕೀಲರು ಸಲಹೆ ಕೊಟ್ಟರು.

"ಗೇಟ್ ಎಳ್ದಿದ್ದು ನಾನು ಸಾರ್" ಎಂದಳು. ನ್ಯಾಯಾಧೀಶರ ಮುಂದೆಯೂ ಅಷ್ಟೇ ಹೇಳಿದಳು. ಏಳು ತಿಂಗಳು ಸಜೆಯಾಯಿತು.

ಜೈಲಿನಲ್ಲಿ ಎರಡನೆಯ ವಾರ ಒಬ್ಬ ಹೆಂಗಸು ಹಾಸಿಗೆಯ ಜಾಗಕ್ಕಾಗಿ ಅವಳ ಕೂದಲು ಹಿಡಿದೆಳೆದಳು. ಗಿರಿಜಾಂಬಾ ಅವಳ ಕುತ್ತಿಗೆಗೆ ಕೈ ಹಾಕಿ ಗೋಡೆಯವರೆಗೂ ತಳ್ಳಿಕೊಂಡು ಹೋದಳು. ಆಮೇಲೆ ಬಿಟ್ಟು, ತನ್ನ ಚಾಪೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಮಲಗಿದಳು. ಬೈಗುಳ ಕೇಳಿಸುತ್ತಲೇ ಇತ್ತು. ಬೆಳಗಿನವರೆಗೂ ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡೇ ಇದ್ದಳು.

ಈಗ ಅವಳು ಬಸವನಗುಡಿಯ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದಾಳೆ. ಎಡಗೆನ್ನೆಯಲ್ಲಿ ತಗ್ಗು ಬಿದ್ದಿದೆ, ಅಗಿಯುವಾಗ ನೋಯುತ್ತದೆ. ಅಲ್ಲಿನ ಅಡಿಗೆಯವರಿಗೆ ಅವಳ ಹಿಂದಿನದೇನೂ ಗೊತ್ತಿಲ್ಲ. ಹೆಚ್ಚು ಮಾತಾಡದ ಹೆಂಗಸು ಎಂದಷ್ಟೇ ಅಂದುಕೊಂಡಿದ್ದಾರೆ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಅವಳು ಗಾಂಧಿಬಜಾರಿನಲ್ಲಿ ಸೊಗಡು ಅವರೆಕಾಯಿ ಆರಿಸುತ್ತಿದ್ದಾಗ, ಮೂರು ಗಾಡಿ ಆಚೆ ಶಿವರಂಜಿನಿ ನಿಂತಿದ್ದಳು. ಅವಳು ಈಗ ಕಾರ್ಖಾನೆಯಲ್ಲಿ ಸೀಸೆ ಹಿಡಿಯುವುದಿಲ್ಲ, ಪರದೆಯ ಮುಂದೆ ಕೂತು ಯಂತ್ರ ತೆಗೆದ ಚಿತ್ರಗಳಲ್ಲಿ ಯಾವುದು ಚಕ್ಕೆ, ಯಾವುದು ಗುಳ್ಳೆ ಎಂದು ಅದಕ್ಕೆ ಕಲಿಸುತ್ತಾಳೆ ಎಂದು ವೇಣುಗೋಪಾಲ್ ಒಮ್ಮೆ ಹೇಳಿದ್ದ. ಶಿವರಂಜಿನಿ ಎಡಗೈಯಿಂದ ಕಾಯಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಗಿರಿಜಾಂಬಾ ಒಂದು ಹೆಜ್ಜೆ ಮುಂದಿಟ್ಟಳು. ಶಿವರಂಜಿನಿಯ ಬಲಗೈ ತನ್ನಷ್ಟಕ್ಕೆ ತಾನೇ ಸೆರಗಿನೊಳಗೆ ಸರಿಯಿತು, ಮುಖ ಬಿಳಿಚಿಕೊಂಡಿತು. ಹೆದರಿಕೆ ಅದು, ಒಂದೂವರೆ ವರ್ಷ ಕಳೆದರೂ ಹೋಗಿರಲಿಲ್ಲ.

ಗಿರಿಜಾಂಬಾ ಅಲ್ಲಿಯೇ ನಿಂತಳು. ಆಮೇಲೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಶಿವರಂಜಿನಿ ಗಾಡಿಯವನಿಗೆ ಏನೋ ಹೇಳಿ, ಚೀಲ ಎತ್ತಿಕೊಂಡು, ತಿರುಗಿ ನೋಡದೆ ಜನರ ನಡುವೆ ಹೋದಳು.

"ಎಷ್ಟು ಹಾಕ್ಲಿ ಅಮ್ಮ?" ಎಂದು ಅವರೆಕಾಯಿಯವಳು ಎರಡನೆಯ ಸಲ ಕೇಳಿದಳು.

"ಅರ್ಧ ಕೆ.ಜಿ. ಸಾಕು" ಎಂದಳು ಗಿರಿಜಾಂಬಾ.